ದೂರಿಲ್ಲದ ದಿನಗಳು

ಫೋನು ಚೆನ್ನಾಗಿ ನಡೆಯುತ್ತಿದೆ ಎಂದು ಹೇಳುವುದಕ್ಕೆ ಯಾರೂ ಫೋನು ಮಾಡುವುದಿಲ್ಲ. ಇದು ನನ್ನ ಉದ್ಯೋಗದ ಮೊದಲ ಪಾಠ. ಹೊಲಿಗೆಯವನಿಗೆ ಅಂಗಿ ಸರಿಯಾಗಿ ಕೂತಿದೆ ಎಂದು ಹೇಳುವ ಗಿರಾಕಿ ಎಂದಾದರೂ ಸಿಗುತ್ತಾನೆ. ಚಹಾದವನಿಗೆ ಇನ್ನೊಂದು ಕಪ್ಪು ಕೇಳುವವನು ಸಿಗುತ್ತಾನೆ, ಅದೇ ಅವನಿಗೆ ಪ್ರಶಸ್ತಿ. ನನ್ನನ್ನು ಜನ ನೆನೆಯುವುದು ಮಾತ್ರ ಕಿವಿಗೆ ಹಿಡಿದ ರಿಸೀವರಿನಲ್ಲಿ ಏನೂ ಕೇಳದೆ ಹೋದಾಗ. ಆಗಲೂ ಅವರು ನೆನೆಯುವ ರೀತಿಯನ್ನು ಇಲ್ಲಿ ಪೂರ್ತಿಯಾಗಿ ಬರೆಯುವಂತಿಲ್ಲ.

ನನ್ನ ಕೊರಳಿನ ಕಾರ್ಡಿನಲ್ಲಿ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್ ಎಂದು ಬರೆದಿದೆ. ಅಷ್ಟು ಉದ್ದದ ಹೆಸರನ್ನು ಕರೆಯುವಷ್ಟು ಪುರಸತ್ತು ಯಾರಿಗಿದೆ? ಯಾದಗಿರಿಯಿಂದ ಸುರಪುರದವರೆಗೆ ನಾನು ಫೋನ್ ಭೀಮಣ್ಣ. ನಮ್ಮ ಕಂಪನಿ ಹತ್ತಿಯನ್ನೂ ಭತ್ತವನ್ನೂ ಕೊಳ್ಳುತ್ತದೆ. ಯಾದಗಿರಿಯಲ್ಲಿ ದೊಡ್ಡ ಆಫೀಸು, ಶಹಾಪುರದಲ್ಲಿ ಮಿಲ್ಲು, ಸುರಪುರದಲ್ಲಿ ಖರೀದಿಯ ಆಫೀಸು. ಈ ಮೂರೂ ಕಡೆಯ ಫೋನುಗಳು ಒಂದಕ್ಕೊಂದು ಮಾತಾಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಐಟಿಐ ಓದಿ, ಹೆಗಲ ಮೇಲೆ ತಂತಿಯ ಸುರುಳಿ ಹೊತ್ತುಕೊಂಡು ಏಣಿ ಹತ್ತುವುದರಿಂದ ಶುರು ಮಾಡಿದವನು ನಾನು. ತಂತಿಯ ಕಾಲ ಹೋಗಿ ಕಂಪ್ಯೂಟರ್ ಪರದೆಯ ಕಾಲ ಬಂದಾಗ ಕಂಪನಿಯವರು ನನ್ನನ್ನೂ ಪರದೆಯ ಮುಂದೆ ಕೂರಿಸಿದರು. ಕಲಿತೆ. ಕಲಿಯದೆ ಇದ್ದಿದ್ದರೆ ಇನ್ನೂ ಏಣಿಯ ಮೇಲೇ ಇರುತ್ತಿದ್ದೆ; ಗಾಳಿಯಾದರೂ ಚೆನ್ನಾಗಿ ಬರುತ್ತಿತ್ತು.

ಕಾಲುವೆಗಿಂತ ಮೊದಲು ಈ ಸೀಮೆಯಲ್ಲಿ ಜೋಳ ಮತ್ತು ತೊಗರಿ. ಆಮೇಲೆ ನೀರು ಬಂದಿತು, ನೀರಿನ ಹಿಂದೆ ಭತ್ತ ಬಂದಿತು, ಭತ್ತದ ಹಿಂದೆ ಇಲಿಗಳು ಬಂದವು, ಇಲಿಗಳ ಹಿಂದೆ ನಾನು ಬಂದೆ. ಮಿಲ್ಲಿನ ಇಲಿಗೆ ಹೊಟ್ಟೆ ತುಂಬ ಭತ್ತವಿದ್ದರೂ ಬಾಯಿರುಚಿಗೆ ತಂತಿ ಬೇಕು. ನನ್ನ ಸಂಬಳದ ಅರ್ಧ ಪುಣ್ಯ ಇಲಿಗಳಿಗೇ ಸೇರಬೇಕು ಎಂದು ನಾನು ಹೇಳಿದರೆ ಜನ ನಗುತ್ತಾರೆ. ನಾನು ನಗೆಗೆ ಹೇಳಿದ್ದಲ್ಲ.

ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ ಈ ಮೇಜಿನ ಫೋನು ಯಾಕೆ ಎಂದು ಕೇಳುವವರುಂಟು. ನಾನೂ ಕೇಳಿಕೊಂಡಿದ್ದೇನೆ, ಹೊಟ್ಟೆಪಾಡಿನ ಪ್ರಶ್ನೆಯಲ್ಲವೇ? ಮೊಬೈಲಿನಲ್ಲಿ ಮನುಷ್ಯ ಸಿಗುತ್ತಾನೆ, ಆಫೀಸಿನ ಫೋನಿನಲ್ಲಿ ಕುರ್ಚಿ ಸಿಗುತ್ತದೆ. ಕುರ್ಚಿಯಲ್ಲಿ ಕೂತವರು ವರ್ಗವಾಗಲಿ, ನಿವೃತ್ತಿಯಾಗಲಿ, ನಂಬರು ಅಲ್ಲೇ ಇರುತ್ತದೆ, ಯಾರೋ ಒಬ್ಬರು ಎತ್ತಿ ಹಲೋ ಎನ್ನುತ್ತಾರೆ. ಆಫೀಸಿಗೆ ಇದು ದೊಡ್ಡ ಅನುಕೂಲ. ಮನೆಗೆ ಈ ಏರ್ಪಾಡು ಇಲ್ಲ.

ದೂರು ಹೇಳುವುದರಲ್ಲಿಯೂ ಊರಿಗೊಂದು ರೀತಿಯಿದೆ. ಸುರಪುರದವರು ಹಳೆಯ ಸಂಸ್ಥಾನದ ಮಂದಿ, ದೂರಿಗೂ ಒಂದು ದರ್ಬಾರಿನ ನಡೆ. ಆರಾಮ ಇದ್ದೀರಾ, ಮಗಳು ಹೇಗಿದ್ದಾಳೆ, ಆ ಕಡೆ ಮಳೆ ಹೇಗೆ ಎಂದೆಲ್ಲ ಕೇಳಿ, ಫೋನು ಇಡುವ ಮುಂಚೆ, ಅಂದಹಾಗೆ ನಮ್ಮ ಎರಡು ಲೈನು ನಿನ್ನೆಯಿಂದ ಬಂದ್ ಆಗಿವೆ ಎನ್ನುತ್ತಾರೆ. ಯಾದಗಿರಿಯವರು ಒಂದೇ ಕಟ್ಟಡದಲ್ಲಿರುವುದರಿಂದ ಕೆಟ್ಟ ಫೋನನ್ನೇ ಕಿತ್ತು ತಂದು ನನ್ನ ಮೇಜಿನ ಮೇಲೆ ಮಲಗಿಸುತ್ತಾರೆ. ಶಹಾಪುರದ್ದು ಮಾತ್ರ ಬೇರೆ. ಅಲ್ಲಿ ಬಸಣ್ಣ ಇದ್ದಾನೆ. ಮಿಲ್ಲಿನ ಬಾಗಿಲಲ್ಲಿ ಲಾರಿ ತೂಗುವ ಕಾಟಾದ ಗುಮಾಸ್ತ, ನನಗಿಂತ ಹಿರಿಯ. ಅವನಿಗೆ ಪೀಠಿಕೆ ಗೊತ್ತಿಲ್ಲ.

"ಏನ್ರಿ ಭೀಮಣ್ಣ, ನಿಮ್ಮ ಫೋನ್ ಕಿವಿಗಿ ಇಟ್ರ ಜೋಳ ಹುರ್ದಂಗ ಸಪ್ಪಳ ಬರಾಕತ್ತದ. ಹುರಿಯೋದು ಮುಗದ ಮ್ಯಾಲ ಹೇಳ್ರಿ, ತಿನ್ನಾಕರ ಬರ್ತೀನಿ."

ಇಂಥ ಮಾತು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದೆ. ಕೇಳಿ ಸಿಟ್ಟಾಗುತ್ತಿದ್ದೆ. ಸಿಟ್ಟಿನಲ್ಲಿಯೇ ಚೀಲ ಹೆಗಲಿಗೆ ಹಾಕಿಕೊಂಡು ಶಹಾಪುರದ ಬಸ್ಸು ಹಿಡಿಯುತ್ತಿದ್ದೆ.

ಸುರಪುರದ ಗುಡ್ಡದ ಮೇಲೆ ನಗಾರಿ ಬಾರಿಸಿದರೆ ಕೆಳಗಿನ ಹಳ್ಳಿಗಳಿಗೆಲ್ಲ ಸುದ್ದಿ ಮುಟ್ಟುತ್ತಿತ್ತು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ನಗಾರಿಯವನ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಒಂದು ಅನುಮಾನ. ಸದ್ದು ಸರಿಯಾಗಿ ಕೇಳಲಿಲ್ಲ ಎಂದು ಯಾವ ಹಳ್ಳಿಯವನಾದರೂ ಗುಡ್ಡ ಹತ್ತಿ ಬಂದು ಅವನನ್ನು ಬೈದಿರಲಾರನೇ? ಯುದ್ಧ ಯಾರು ಗೆದ್ದರು ಎಂಬುದು ಇತಿಹಾಸದಲ್ಲಿ ಸಿಗುತ್ತದೆ. ಇಂಥ ಮುಖ್ಯ ವಿಷಯಗಳನ್ನು ಯಾರೂ ಬರೆದಿಟ್ಟಿಲ್ಲ. ಕುರಿಯವರಂತೂ ಬಲು ಜಾಣರು. ಹೊಲದಿಂದ ಹೊಲಕ್ಕೆ ಬಾಯಲ್ಲಿ ಬೆರಳಿಟ್ಟು ಸೀಟಿ ಹೊಡೆದರೆ ಮುಗಿಯಿತು. ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ, ಹಾಗಾಗಿ ನನ್ನಂಥವನೂ ಬೇಕಿಲ್ಲ.

ನನ್ನ ಹೆಂಡತಿ ಸರೋಜಾಳಿಗೂ ಫೋನು ಬೇಕಿರಲಿಲ್ಲ ಎಂದು ನಾನು ಕೀಟಲೆ ಮಾಡುತ್ತಿದ್ದೆ. ಅವಳದು ಬೋನಾಳ. ಕೆರೆಯ ದಂಡೆಯಲ್ಲಿ ಸಾವಿರ ಹಕ್ಕಿಗಳ ಗದ್ದಲದ ನಡುವೆ ಮಾತು ಕಲಿತವಳು. ಅಂಗನವಾಡಿ ಟೀಚರು ಬೇರೆ. ಅವಳು ಮೆಲ್ಲಗೆ ಮಾತಾಡುವುದೆಂದರೆ ಪಕ್ಕದ ಮನೆಗೆ ಮಾತ್ರ ಕೇಳುವಂತೆ ಮಾತಾಡುವುದು. ಅಂಥವಳು ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ನನಗೆ ಫೋನು ಮಾಡುತ್ತಿದ್ದಳು. ಪ್ರೀತಿಯ ಮಾತಿಗೆಂದು ತಿಳಿಯಬೇಡಿ. ನಳಕ್ಕೆ ನೀರು ಬಂದಿಲ್ಲ, ನೀವು ತಂದ ಬದನೆಕಾಯಿಯಲ್ಲಿ ಹುಳ ಇತ್ತು, ಮಗಳ ಹಾಸ್ಟೆಲಿನಲ್ಲಿ ಸೊಳ್ಳೆ ಜಾಸ್ತಿಯಂತೆ. ನಾನು ಆಫೀಸಿನ ದನಿಯಲ್ಲಿ, ನಿಮ್ಮ ದೂರು ದಾಖಲಾಗಿದೆ ಎನ್ನುತ್ತಿದ್ದೆ. "ದಾಖಲ್ ಆಗಿ ವರ್ಷಗಟ್ಲೆ ಆತು, ದುರಸ್ತಿ ಯಾವಾಗ್ರಿ?" ಎಂದು ಅವಳು ಕೇಳುತ್ತಿದ್ದಳು. ಒಮ್ಮೆ ನನ್ನ ಕೆಲಸದ ಗೋಳು ಹೇಳಿಕೊಂಡಾಗ ರೊಟ್ಟಿ ಬಡಿಯುತ್ತಲೇ ಅಂದಳು: "ನಿಮ್ದೂ ನಮ್ದೂ ಒಂದ ಹಣೆಬರ. ಅಡಗಿ ಚಲೋ ಆದ್ರ ಎಲ್ಲಾರೂ ಸುಮ್ನ ಉಣ್ತಾರ. ಉಪ್ಪು ಹೆಚ್ಚಾದ್ರ ಓಣಿಗೆಲ್ಲ ಗೊತ್ತಾಗ್ತದ."

ಸರೋಜಾ ಹೋದದ್ದು ಎರಡನೆಯ ಬೆಳೆಗೆಂದು ಕಾಲುವೆಗೆ ನೀರು ಬಿಟ್ಟ ಮೇಲೆ, ನಾಟಿಯ ಗಡಿಬಿಡಿಯ ಹೊತ್ತಿನಲ್ಲಿ. ಬಹಳ ದಿನ ನರಳಲಿಲ್ಲ ಎಂದು ಸಮಾಧಾನ ಹೇಳುವವರಿದ್ದರು. ಇನ್ನೂ ಬಹಳ ದಿನ ಇರಬೇಕಿತ್ತು ಎಂಬುದಷ್ಟೇ ನನಗೆ ಹೊಳೆಯುತ್ತಿತ್ತು. ಬುದ್ಧನ ಪಟದ ಪಕ್ಕದಲ್ಲಿ ಅವಳ ಪಟ ಇಟ್ಟೆವು. ಮಗಳು ಕೆಲವು ದಿನ ಇದ್ದು ನರ್ಸಿಂಗ್ ಪರೀಕ್ಷೆಗೆಂದು ಕಲಬುರಗಿಗೆ ಹೊರಟಳು. ಹೊರಟವಳನ್ನು ತಡೆಯುವುದು ಸರಿಯಲ್ಲ ಎಂದು ನಾನೇ ಬಸ್ಸಿಗೆ ಹತ್ತಿಸಿದೆ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು, ನೆಂಟರು ಬುತ್ತಿ ತರುತ್ತಾರೆ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಅನ್ನ. ತಂದವರು ಎದುರು ಕೂತು ಉಣಿಸಿಯೇ ಏಳುತ್ತಾರೆ. ನೀರಿನ ಕೊಡಕ್ಕೆ ಕೈ ಹಾಕಿದರೆ ಯಾರೋ ಕಸಿದುಕೊಳ್ಳುತ್ತಾರೆ, ಕಸಬರಿಗೆ ಹಿಡಿದರೆ ಇನ್ಯಾರೋ ಬಂದು ಗುಡಿಸುತ್ತಾರೆ. ದುಃಖದಲ್ಲಿರುವವನಿಗೆ ಕೆಲಸ ಹೇಳಬಾರದು. ದೊಡ್ಡ ಮನಸ್ಸಿನ ಪದ್ಧತಿ. ಆ ಬುತ್ತಿಗಳಿಲ್ಲದಿದ್ದರೆ ನಾನು ಉಪವಾಸ ಬೀಳುತ್ತಿದ್ದೆ ಎಂಬುದೂ ನಿಜ.

ಮತ್ತೆ ಕೆಲಸಕ್ಕೆ ಹೋದಾಗ ಆಫೀಸು ಚೊಕ್ಕಟವಾಗಿ ನಡೆಯುತ್ತಿತ್ತು. ಪರದೆಯ ಮೇಲೆ ಮೂರೂ ಊರುಗಳು ಹಸಿರು, ಎಂದರೆ ಎಲ್ಲ ಸರಿ. ಯಾರೂ ದೂರು ಹೇಳಲಿಲ್ಲ. ಮರುದಿನವೂ ಇಲ್ಲ, ಆ ವಾರವೂ ಇಲ್ಲ. ನನಗೆ ಒಳಗೊಳಗೇ ಹೆಮ್ಮೆ. ರಜೆಗೆ ಹೋಗುವ ಮುಂಚೆ ಏನೋ ಒಂದು ಸೆಟ್ಟಿಂಗು ಬದಲಾಯಿಸಿದ್ದೆ, ಅದರ ಫಲ ಎಂದುಕೊಂಡೆ. ನಮ್ಮ ಕಸುಬಿನವರ ದೋಷ ಇದು. ಕೆಟ್ಟರೆ ಇಲಿ ಕಾರಣ, ನೆಟ್ಟಗಾದರೆ ನಾವು.

ಆದರೆ ದಿನ ಕಳೆದಂತೆ ಆ ಮೌನ ಕೂತಲ್ಲಿ ಕೂರಲು ಬಿಡಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲು ಸುಮ್ಮನಿರುತ್ತಿತ್ತು. ಅದು ಸುಮ್ಮನಿರುವುದು ನನಗೆ ಗೊತ್ತಿದ್ದದ್ದೇ. ಮೇಜಿನ ಫೋನೂ ಅದರ ಜೊತೆ ಸುಮ್ಮನಾಗಿತ್ತು. ಮನೆಯಲ್ಲಿ ನನ್ನನ್ನು ಬೈಯುವವರಿಲ್ಲ, ಆಫೀಸಿನಲ್ಲೂ ಇಲ್ಲ. ನಾನು ಹೋದರೆ ಜನ ಮಾತು ನಿಲ್ಲಿಸಿ ಕುರ್ಚಿ ಸರಿಸಿಕೊಡುತ್ತಿದ್ದರು. ರಿಸೆಪ್ಷನ್ನಿನಲ್ಲಿ ಕೂತು ಮೂರೂ ಊರಿನ ಕರೆಗಳನ್ನು ಜೋಡಿಸುವ ಆಪರೇಟರ್ ಮುಮ್ತಾಜ್, ಇಡೀ ದಿನ ವಟಗುಟ್ಟುವ ಹುಡುಗಿ, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದಳು. ಎದ್ದು ನಿಲ್ಲುವಂಥ ಮನುಷ್ಯ ನಾನು ಯಾವತ್ತೂ ಆಗಿರಲಿಲ್ಲ.

ಹೀಗಿರುವಾಗ ಮ್ಯಾನೇಜರು ಒಳಗೆ ಕರೆದರು. ದೂರುಗಳೇ ಇಲ್ಲದಿರುವುದು ಅವರ ಗಮನಕ್ಕೂ ಬಂದಿತ್ತು. ಫೋನಿನ ಕೆಲಸವನ್ನು ಕಲಬುರಗಿಯ ಒಂದು ಏಜೆನ್ಸಿಗೆ ಕೊಡಬಹುದು, ಅವರು ಅಲ್ಲಿಂದಲೇ ನೋಡಿಕೊಳ್ಳುತ್ತಾರೆ, ನಿಮಗೆ ಇಲ್ಲೇ ಸ್ಟೋರಿನಲ್ಲಿ ಒಂದು ಮೇಜು ಹಾಕಿಸುತ್ತೇನೆ, ಫ್ಯಾನಿನ ಕೆಳಗೆ, ಅಲೆದಾಟವಿಲ್ಲ, ಸಂಬಳ ಇದ್ದಷ್ಟೇ ಎಂದರು. ಅವರ ದನಿಯಲ್ಲಿ ಲೆಕ್ಕಾಚಾರ ಇರಲಿಲ್ಲ, ಮರುಕ ಇತ್ತು. ಸೋಮವಾರ ಹೇಳಿರಿ ಎಂದರು. ಯಾರಿಗೂ ನನ್ನಿಂದ ಏನೂ ಆಗಬೇಕಾಗಿಲ್ಲ ಎಂದಮೇಲೆ ಬೇಡವೆನ್ನಲು ನನ್ನ ಹತ್ತಿರ ಕಾರಣವೂ ಇರಲಿಲ್ಲ. ಸ್ಟೋರಿನಲ್ಲಿ ನಟ್ಟು ಬೋಲ್ಟುಗಳಿರುತ್ತವೆ. ಅವು ಮಾತಾಡುವುದಿಲ್ಲ. ಅದನ್ನು ನೆನೆದರೆ ಭಯವಾಗುತ್ತಿತ್ತು. ಆದರೂ ಹೂಂ ಎನ್ನುವುದೆಂದು ಮನಸ್ಸಿನಲ್ಲೇ ಮುಕ್ಕಾಲು ಪಾಲು ಗೊತ್ತುಮಾಡಿಕೊಂಡೆ.

ಏಜೆನ್ಸಿಗೆ ಒಪ್ಪಿಸುವ ಮುಂಚೆ ಶಹಾಪುರದ ಫೋನು ಪೆಟ್ಟಿಗೆಯ ಬ್ಯಾಟರಿಗಳನ್ನಾದರೂ ಬದಲಿಸಿಬಿಡೋಣ ಎಂದು ಶನಿವಾರ ಬಸ್ಸು ಹತ್ತಿದೆ. ದೋರನಹಳ್ಳಿ ದಾಟಿ ಶಹಾಪುರ ಹತ್ತಿರವಾದಾಗ ಗುಡ್ಡದ ಸಾಲಿನಲ್ಲಿ ಮಲಗಿದ ಬುದ್ಧ ಕಾಣಿಸಿದ. ಕಲ್ಲುಬಂಡೆಗಳೇ ಹಣೆ, ಮೂಗು, ಎದೆಯಾಗಿ ಅಂಗಾತ ಮಲಗಿದ ಆಕಾರ. ಅವನನ್ನು ನೋಡಿದಾಗಲೆಲ್ಲ ಸರೋಜಾ ಕೈ ಮುಗಿದು, ಅವನಿಗೆ ಯಾರೂ ಫೋನು ಮಾಡುವುದಿಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ನಿದ್ದೆ ಬಂದಿದೆ ಎನ್ನುತ್ತಿದ್ದಳು. ಅವನಿಗೆ ನಿದ್ದೆ ಬಂದದ್ದು ಬೇರೆ ಕಾರಣಕ್ಕೆ. ನನಗಂತೂ ಫೋನು ಬರದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಮಿಲ್ಲಿನ ಬಾಗಿಲಿಗೆ ಹೋದರೆ ಒಂದು ವಿಚಿತ್ರ ಕಾಣಿಸಿತು. ಬಸಣ್ಣ ಕಾಟಾದ ಕಟ್ಟೆಯ ಮೇಲೆ ನಿಂತು ಬಿಳಿ ಟವೆಲು ಬೀಸುತ್ತಿದ್ದಾನೆ. ಅಂಗಳದ ಆ ತುದಿಯ ಗೋದಾಮಿನ ಬಾಗಿಲಲ್ಲಿ ಹಮಾಲ ಯಲ್ಲಪ್ಪ ಅದಕ್ಕೆ ಉತ್ತರವಾಗಿ ತನ್ನ ಟವೆಲು ಬೀಸಿದ. ಒಂದು ಲಾರಿ ಹೊರಟಿತು. ಬಸಣ್ಣ ಕೆಂಪು ಟವೆಲು ಎತ್ತಿದ. ಹಿಂದಿನ ಲಾರಿ ನಿಂತಿತು. ನಾನು ಬಸ್ಸಿನಿಂದಿಳಿದು ಶಹಾಪುರದ ಮಿಲ್ಲಿಗೆ ಬಂದೆನೋ ರೈಲ್ವೆ ಸ್ಟೇಷನ್ನಿಗೆ ಬಂದೆನೋ ತಿಳಿಯಲಿಲ್ಲ.

ಕಾಟಾದ ಹತ್ತಿರ ಮೊಬೈಲು ತರುವಂತಿಲ್ಲ ಎಂಬುದು ಕಂಪನಿಯ ನಿಯಮ. ದಲಾಲರ ಜೊತೆ ಗುಟ್ಟಿನ ಮಾತು ನಡೆಯಬಾರದೆಂದು. ಕಾಟಾದಿಂದ ಗೋದಾಮಿಗೆ ಒಂದು ಹಳೆಯ ತಂತಿಯ ಫೋನು ಇದೆ, ಯಾವ ಲಾರಿ ಯಾವ ಗೋದಾಮಿಗೆ ಎಂದು ಅದರಲ್ಲೇ ಹೇಳಬೇಕು. ಅಂಥ ಹಳೆಯ ಫೋನುಗಳು ನನ್ನ ಪರದೆಯಲ್ಲಿ ಕಾಣುವುದಿಲ್ಲ. ಅವುಗಳ ತಂತಿಯೆಲ್ಲ ಬಂದು ಸೇರುವ ಶಹಾಪುರದ ದೊಡ್ಡ ಪೆಟ್ಟಿಗೆ ಬದುಕಿದ್ದರೆ ಪರದೆ ಹಸಿರು ತೋರಿಸುತ್ತದೆ, ಅಷ್ಟೆ.

ಇದೇನು ಬಸಣ್ಣ, ಫೋನು ಕೆಟ್ಟಿದೆಯೇ ಎಂದು ಕೇಳಿದೆ. ಅವನು ನನ್ನನ್ನು ನೋಡಿ ಟವೆಲನ್ನು ಬೆನ್ನ ಹಿಂದೆ ಅಡಗಿಸಿದ. ಫೋನು ಚಲೋ ಇದೆ, ಕೈಗೆ ಸ್ವಲ್ಪ ವ್ಯಾಯಾಮ ಆಗಲಿ ಎಂದು ಹೀಗೆ ಮಾಡುತ್ತಿದ್ದೇನೆ, ಡಾಕ್ಟರು ಹೇಳಿದ್ದಾರೆ ಎಂದ. ಯಾವ ಡಾಕ್ಟರು ಎಂದೆ. ಚಹಾ ತರಿಸಲೇ ಎಂದು ಕೇಳಿದ. ಬಸಣ್ಣ ನನಗೆ ಚಹಾ ತರಿಸುವುದೆಂದರೆ ಕೃಷ್ಣೆ ತಿಂಥಣಿಯಲ್ಲಿ ನಿಂತು ಹಿಂದಕ್ಕೆ ಹರಿದ ಹಾಗೆ.

ಅಷ್ಟರಲ್ಲಿ ಗೋದಾಮಿನ ಬಾಗಿಲಲ್ಲಿ ಯಲ್ಲಪ್ಪನಿಗೆ ಬೆವರು ಬಂತು. ಪಾಪ, ಮನುಷ್ಯನಿಗೆ ಬೆವರು ಬರುವುದು ತಪ್ಪಲ್ಲ. ಅವನು ಟವೆಲು ತೆಗೆದು ಮುಖ ಒರೆಸಿಕೊಂಡ, ಸೆಕೆಗೆ ಎರಡು ಸಲ ಗಾಳಿ ಬೀಸಿಕೊಂಡ. ಕ್ಯೂನಲ್ಲಿದ್ದ ಲಾರಿಯವರೆಲ್ಲ ತಮ್ಮ ತಮ್ಮ ಸರದಿ ಬಂತೆಂದು ಒಟ್ಟಿಗೆ ನುಗ್ಗಿದರು. ಹತ್ತಿಯ ಲಾರಿ ಭತ್ತದ ಗೋದಾಮಿಗೆ ಮೂತಿ ತೂರಿಸಿತು, ಭತ್ತದ್ದು ಅದರ ಬೆನ್ನಿಗೆ ಅಂಟಿಕೊಂಡಿತು, ಇನ್ನೊಂದು ಕಾಟಾದ ಮೇಲೆ ಅಡ್ಡಡ್ಡ ನಿಂತಿತು. ಹಾರ್ನುಗಳು, ಕೂಗಾಟ. ಬಸಣ್ಣ ಕೆಂಪು, ಬಿಳಿ ಎರಡೂ ಟವೆಲುಗಳನ್ನು ಒಟ್ಟಿಗೆ ಬೀಸತೊಡಗಿದ. ಅದಕ್ಕೇನು ಅರ್ಥವೋ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಎರಡನ್ನೂ ನೆಲಕ್ಕೆ ಒಗೆದು ನನ್ನ ಕಡೆ ತಿರುಗಿದ.

"ಭೀಮಣ್ಣ, ನೀವು ಹೆಂಡ್ತಿ ಕಳಕೊಂಡೀರಿ, ನಮಗೂ ಸಂಕಟ ಅದ. ಆದ್ರ ಈ ಫೋನ್ ಏನ್ ಪಾಪ ಮಾಡಿತ್ತರಿ? ಆಕಿ ಜೋಡಿ ಇದನ್ನೂ ಮಣ್ಣು ಮಾಡಿ ಬಂದೀರೇನು?"

ಹಾರ್ನುಗಳೂ ನಿಂತ ಹಾಗಾಯಿತು. ಯಲ್ಲಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡ. ಬಸಣ್ಣನ ಮುಖ ನೋಡಬೇಕಿತ್ತು, ಆಡಿದ ಮಾತನ್ನು ವಾಪಸು ನುಂಗುವ ದಾರಿ ಹುಡುಕುತ್ತಿದ್ದ. ನಾನು ಸಿಟ್ಟಾಗುತ್ತೇನೆಂದೋ ಅಳುತ್ತೇನೆಂದೋ ಎಲ್ಲರೂ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಎರಡೂ ಆಗಲಿಲ್ಲ. ಆದದ್ದೇನೆಂದರೆ, ಅಷ್ಟು ದಿನಗಳಲ್ಲಿ ಮೊದಲ ಸಲ ನನಗೆ ಹಸಿವಾಯಿತು.

ಯಾವಾಗ ಕೆಟ್ಟಿದ್ದು ಎಂದು ಕೇಳುತ್ತ ಚೀಲ ಬಿಚ್ಚಿದೆ. ನಾನು ರಜೆಗೆ ಹೋದ ಮರುದಿನವೇ ಕೆಟ್ಟಿತ್ತಂತೆ. ಹೇಳಬೇಡಿ ಎಂದು ಮುಮ್ತಾಜ್ ತಾಕೀತು ಮಾಡಿದ್ದಳಂತೆ. ಹೇಳಿದ್ದು ಅವಳೇ ಹೊರತು ನಾವಲ್ಲ ಎಂದು ಬಸಣ್ಣ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಲಾರಿಯವರು ಹಿಂದೆ ಮುಂದೆ ಮಾಡಿ ಅಂಗಳ ಬಿಡಿಸುವಷ್ಟರಲ್ಲಿ ನಾನು ತಂತಿಯ ಜಾಡು ಹಿಡಿದು ಗೋದಾಮಿನ ಮೂಲೆಗೆ ಹೋದೆ. ಇಲಿಯೇ. ಅಚ್ಚುಕಟ್ಟಾಗಿ ಕಡಿದಿತ್ತು. ಹೊಸ ತಂತಿ ಎಳೆದು, ಜೋಡಿಸಿ, ಕಾಟಾದ ಫೋನು ಎತ್ತಿ ಯಾದಗಿರಿಗೆ ಹಚ್ಚಿದೆ.

ಆ ನಂಬರು ಕಂಡ ಕೂಡಲೇ ಮುಮ್ತಾಜ್‌ಗೆ ಗೊತ್ತಾಗಿಹೋಯಿತು. ಸಣ್ಣ ದನಿಯಲ್ಲಿ ಅಂದಳು: "ಅಣ್ಣಾ, ಮಯ್ಯತ್ ಆದ ಮನಿಯವ್ರಿಗಿ ಕೆಲಸ ಹೇಳಬಾರ್ದಂತ ನಾನ ಎಲ್ಲಾ ಕಡಿ ಹೇಳೀನ್ರಿ. ನಿಮಗ ಯಾರೂ ತ್ರಾಸ ಕೊಡಬಾರ್ದಂತ. ತಪ್ಪಾತೇನ್ರಿ?"

ಆಗ ನನಗೆ ಅರ್ಥವಾಯಿತು. ಮೂರೂ ಊರಿನವರು ಸೇರಿ ನನಗೆ ಬುತ್ತಿ ಕಟ್ಟುತ್ತಿದ್ದರು. ಮನೆಯಿಂದ ರೊಟ್ಟಿ ತರುವ ಬದಲು ತಮ್ಮ ತಮ್ಮ ದೂರುಗಳನ್ನು ನುಂಗಿಕೊಂಡು ಕೂತಿದ್ದರು. ಒಬ್ಬನ ದುಃಖಕ್ಕೆ ಮರ್ಯಾದೆ ಕೊಡಲು ಇಡೀ ಮಿಲ್ಲು ಟವೆಲು ಬೀಸುತ್ತಿತ್ತು. ಇಂಥ ಮಂದಿಯ ಮೇಲೆ ಹೇಗೆ ಸಿಟ್ಟಾಗುವುದು?

"ತಪ್ಪೇನಿಲ್ಲ ತಂಗಿ," ಎಂದೆ. "ಬುತ್ತಿ ಉಂಡಿದ್ದು ಸಾಕು. ಇನ್ನ ಒಲಿ ಹಚ್ಚಬೇಕು. ಎಲ್ಲಾರಿಗೂ ಹೇಳಿಬಿಡು."

ಕಾಲುವೆಯ ತೂಬು ಎತ್ತುವುದನ್ನು ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ನಾನು ಕಾಟಾದಿಂದ ದೂರ, ಗೋಡೆಯ ನೆರಳಲ್ಲಿ ಕೂತು ಬಸಣ್ಣನ ಬುತ್ತಿಯಲ್ಲಿ ಪಾಲು ಕೇಳಿ ಪಡೆದು ರೊಟ್ಟಿ ಮುರಿಯುವಷ್ಟರಲ್ಲಿ ಸುರಪುರದಿಂದ ಮೊಬೈಲಿಗೆ ಕರೆ ಬಂದಿತು. ಅವರು ಅಂದು ಮಳೆಯ ಬಗ್ಗೆ ಕೇಳಲಿಲ್ಲ, ಸಂಸ್ಥಾನದ ಮರ್ಯಾದೆ ಬದಿಗಿಟ್ಟು ನೇರ ವಿಷಯಕ್ಕೇ ಬಂದರು. ಯಾದಗಿರಿಯಿಂದ ಒಂದರ ಹಿಂದೊಂದು. ಯಾರಿಗೋ ಕರೆ ವರ್ಗವಾಗುವುದಿಲ್ಲ, ಯಾರದೋ ಫೋನು ಬೇರೆಯವರ ಮೇಜಿನಲ್ಲಿ ಹೊಡೆದುಕೊಳ್ಳುತ್ತದೆ. ಬಸಣ್ಣ ಎದುರಿಗೇ ಕೂತು, ಈಗ ನನ್ನ ಫೋನಿನ ಗಂಟೆ ವಿಪರೀತ ಜೋರಾಗಿದೆ, ಕಿವಿ ಹರಿಯುತ್ತದೆ ಎಂದು ಹೊಸ ದೂರು ತೆಗೆದ. ನಾನು ತುತ್ತಿನ ನಡುವೆ ಎಲ್ಲರಿಗೂ ಹೂಂಗುಟ್ಟಿದೆ. ಸಮಾಧಾನ ಹೇಳುವವರು ನಮ್ಮನ್ನು ಕೂರಿಸುತ್ತಾರೆ, ದೂರು ಹೇಳುವವರು ಎಬ್ಬಿಸುತ್ತಾರೆ. ಮನುಷ್ಯನಿಗೆ ಇಬ್ಬರೂ ಬೇಕು. ಆದರೆ ಮೊದಲಿನವರು ಸ್ವಲ್ಪ ಬೇಗ ಎದ್ದು ಹೋಗುವುದು ಒಳ್ಳೆಯದು.

ಸೋಮವಾರ ಮ್ಯಾನೇಜರ ಕೋಣೆಗೆ ಹೋಗಿ, ನಾನು ಇಲ್ಲೇ ಇರುತ್ತೇನೆ, ಫೋನು ಬಿಟ್ಟುಕೊಡುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವಸರವಿಲ್ಲ, ಮನಸ್ಸು ಇನ್ನೂ ಸರಿಯಾಗಿರಲಿಕ್ಕಿಲ್ಲ, ಯೋಚನೆ ಮಾಡಿ ಎಂದರು. ಮನಸ್ಸು ಎಲ್ಲಿ ಕೂತರೂ ಅಷ್ಟೇ ಸರ್, ಇಲ್ಲಿದ್ದರೆ ಕಿವಿಗೆ ಕೆಲಸವಿರುತ್ತದೆ ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ತಮ್ಮ ಮೇಜಿನ ಫೋನನ್ನು ಮೆಲ್ಲಗೆ ನನ್ನ ಕಡೆ ನೂಕಿದರು.

"ಹಂಗಿದ್ರ ಇದನ್ನ ಒಂದೀಟು ನೋಡ್ರಿ. ಅವ್ರು ಮಾತಾಡಿದ್ದು ನನಗ ಕೇಳ್ತದ, ನಾ ಆಡಿದ್ದು ಅವ್ರಿಗಿ ಕೇಳಂಗಿಲ್ಲ. ನಿಮಗ ಹೇಳಬೇಕಂತ ಭಾಳ ದಿನದಿಂದ ಮಾಡೀನಿ, ಹೆಂಗ ಹೇಳಬೇಕಂತ ತಿಳೀಲಿಲ್ಲ."

ನಾನು ಅವರ ಮೇಜಿನ ಕೆಳಗೆ ತೂರಿಕೊಂಡೆ. ನಮ್ಮ ಕಸುಬಿನಲ್ಲಿ ಯಾರೂ ಹೇಳಿಕೊಳ್ಳದ ಒಂದು ಅನುಕೂಲವಿದೆ. ತಂತಿಗಳೆಲ್ಲ ಮೇಜಿನ ಕೆಳಗೇ ಇರುತ್ತವೆ. ಅಲ್ಲಿ ಕೂತು ಎಷ್ಟು ಸಲ ಕಣ್ಣೊರೆಸಿಕೊಂಡರೂ ಜನ ಧೂಳು ಎಂದೇ ತಿಳಿಯುತ್ತಾರೆ. ನಾನು ಸ್ವಲ್ಪ ಹೆಚ್ಚು ಹೊತ್ತೇ ತೆಗೆದುಕೊಂಡೆ ಎಂದು ಕಾಣುತ್ತದೆ. ಮೇಲಿನಿಂದ ಮ್ಯಾನೇಜರು, ಇದೇನು ಸಂಜೆಯವರೆಗೆ ಮಾಡುತ್ತೀರಾ ಎಂದು ಗದರಿದರು. ಜೋರಾಗಿಯೇ ಗದರಿದರು. ಒಳ್ಳೆಯ ಮನುಷ್ಯ.